ಅಕ್ಕಿ ಡಬ್ಬಿಯಲ್ಲಿದ್ದ ಕಿವಿ ಮಷಿನ್

ನಮ್ಮ ಅತ್ತೆಯವರ ಕಿವಿ ಮಷಿನ್‌ಗಳನ್ನು ನೀರಿನಲ್ಲಿ ಮುಳುಗಿಸಿದವನು ನಾನು. ಸ್ನಾನಕ್ಕೆ ಹೋಗುವಾಗ ತೆಗೆದಿಡಲು ಅವರೇ ಮರೆತರು ಎಂದು ಮನೆಯವರೆಲ್ಲ ನಂಬಿದರು. ಅತ್ತೆಯೂ ನಂಬಿದರು. ಹಾಗೆ ನಂಬಿಸಿದವನೂ ನಾನೇ.

ಹಿಂದೆ ಎರಡು ಮೂರು ಸಲ ಇದನ್ನು ಬರೆಯಲು ಕೂತಿದ್ದೆ. ಪ್ರತಿ ಸಲವೂ ‘ಆಗ ನನ್ನ ಕೆಲಸ ಹೋಗಿತ್ತು, ಮನಸ್ಸು ನೆಟ್ಟಗಿರಲಿಲ್ಲ’ ಎಂದೇ ಕೈ ಶುರು ಮಾಡುತ್ತಿತ್ತು. ಕೆಲಸ ಹೋಗಿದ್ದು ನಿಜ. ಟೆಲಿಕಾಂ ಕಂಪನಿಗಳು ಒಂದರ ಹಿಂದೊಂದು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ ಅದು. ಡಲ್ಲಾಸ್ ಪಕ್ಕದ ಪ್ಲೇನೋದ ನಮ್ಮ ಬೀದಿಯಲ್ಲೇ ನಾಲ್ಕು ಜನ ಗಂಡಸರು ಕೆಲಸವಿಲ್ಲದೆ ಹಗಲು ಹೊತ್ತಿನಲ್ಲಿ ಮನೆ ಮುಂದಿನ ಹುಲ್ಲು ಕತ್ತರಿಸುತ್ತಿದ್ದೆವು. ಆದರೆ ಅವರಲ್ಲಿ ಮಿಕ್ಕ ಮೂವರು ಯಾರ ಮೇಲೂ ಸುಳ್ಳು ಹೊರಿಸಲಿಲ್ಲ.

ನನ್ನ ಹೆಂಡತಿ ಶೈಲಾ ಧಾರವಾಡದವಳು, ನಾನು ಮೈಸೂರಿನವನು. ಶೈಲಾ ಡಲ್ಲಾಸ್‌ನ ಆಫೀಸಿಗೆ ಹೋಗುತ್ತಿದ್ದಳು. ಅವಳ ತಾಯಿ ಸುಶೀಲಾಬಾಯಿ ನಮ್ಮ ಜೊತೆಗಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಅವರ ಕಿವಿ ಮಂದವಾಗಿತ್ತೇ ಹೊರತು ತಲೆ ಅಲ್ಲ. ಬಳಗದ ಎಲ್ಲರ ಫೋನ್ ನಂಬರ್, ಹುಟ್ಟಿದ ದಿನ, ನಕ್ಷತ್ರ ನಾಲಿಗೆಯ ತುದಿಯಲ್ಲಿದ್ದವು. ನಾಲ್ಕು ವರ್ಷದ ಮೇಘಾಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ದಿನಾ ಸಂಜೆ ಅವಳ ಕೈ ಹಿಡಿದು ಬೀದಿಯ ಕೊನೆಯ ಕೆರೆಗೆ ಬಾತುಕೋಳಿ ನೋಡಲು ಹೋಗುವರು, ದಾರಿಯುದ್ದಕ್ಕೂ ಮಗ್ಗಿ ಹೇಳಿಸುವರು. ಮಗಳು ಎರಡೊಂದ್ಲೆ ಎರಡು ಎಂದು ಹೇಳಿ ‘ಅಜ್ಜಿ, ಒನ್ಸ್ ಮೋರ್!’ ಎನ್ನುತ್ತಿದ್ದಳು. ಗಂಡ ಹೋದ ಮೇಲೆ ಅತ್ತೆಯ ಮುಖದಲ್ಲಿ ನಗು ಕಂಡಿದ್ದು ಆ ಮಗುವಿನಿಂದ ಎಂದು ಶೈಲಾ ಹೇಳುತ್ತಿದ್ದಳು. ಅಡುಗೆ ಮಾತ್ರ ನನ್ನ ಪಾಲಿಗೆ ಬಂದಿತ್ತು, ನಾನೇ ಹಟ ಮಾಡಿ ತೆಗೆದುಕೊಂಡಿದ್ದೆ — ಮನೆಯಲ್ಲಿ ದಂಡಕ್ಕೆ ಕೂತಿಲ್ಲ ಎಂದು ತೋರಿಸಬೇಕಿತ್ತಲ್ಲ.

ಕಿವಿ ಮಷಿನ್‌ಗೆ ನೀರು ತಾಗಬಾರದು, ಬೆವರೂ ಒಳಗೆ ಇಳಿಯಬಾರದು, ರಾತ್ರಿ ತೇವ ಹೀರುವ ಡಬ್ಬಿಯಲ್ಲಿಡಿ ಎಂದು ಕ್ಲಿನಿಕ್‌ನವರು ಹೇಳಿದ್ದರು. ಅವರು ಕೊಟ್ಟ ಡಬ್ಬಿಯಲ್ಲಿದ್ದ ಪೊಟ್ಟಣದ ಮೇಲೆ ‘ತಿನ್ನಬೇಡಿ’ ಎಂದು ಬರೆದಿತ್ತು. ಸಣ್ಣ ಕೂಸು ಇರುವ ಮನೆಯಲ್ಲಿ ಅದು ಬೇಡವೇ ಬೇಡ ಎಂದರು ಅತ್ತೆ. ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕಿದರೆ ಉಪ್ಪು ನೀರೊಡೆಯುವುದಿಲ್ಲ ಎಂದು ಗೊತ್ತಿದ್ದವರು ಅವರು. ಒಂದು ಸ್ಟೀಲ್ ಡಬ್ಬಿಯ ತುಂಬ ಅಕ್ಕಿ ಹಾಕಿ, ಹಿತ್ತಲಿನ ಬಿಸಿಲಿಗೆ ವಾರಕ್ಕೊಮ್ಮೆ ಒಣಗಿಸಿ, ಮಷಿನ್‌ಗಳನ್ನು ಬಿಳಿ ಮಲ್ ಬಟ್ಟೆಯ ಚೂರಿನಲ್ಲಿ ಕಟ್ಟಿ ಅದರೊಳಗೆ ಹೂತಿಡುತ್ತಿದ್ದರು. ರಾತ್ರಿ ಮಲಗುವಾಗ, ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ — ಒಂದು ದಿನವೂ ತಪ್ಪಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಬೆಳಿಗ್ಗೆ ಅಕ್ಕಿ ಚೀಲ ಖಾಲಿಯಾಗಿತ್ತು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಆಗಲೇ ಫೋನ್ ಬಂತು. ಆಸ್ಟಿನ್‌ನ ಕಂಪನಿಯೊಂದರ ಕೆಲಸ, ಈಗಲೇ ಮಾತಾಡಬಹುದೇ ಎಂದು ಫಾರ್ಮರ್ಸ್ ಬ್ರಾಂಚ್ ಎಂಬ ಪಕ್ಕದ ಊರಿನಿಂದ, ಕೆಲಸ ಕೊಡಿಸುವ ಏಜೆನ್ಸಿಯವನು ಕೇಳಿದ. ಐದು ತಿಂಗಳಲ್ಲಿ ಬಂದ ಮೊದಲ ಫೋನ್. ಅದನ್ನು ಹೆಗಲಿಗೂ ಕೆನ್ನೆಗೂ ಒತ್ತಿಕೊಂಡು, ಕಣ್ಣಿಗೆ ಬಿದ್ದ ಡಬ್ಬಿಯ ಅಕ್ಕಿಯನ್ನು ಕುಕ್ಕರ್ ಪಾತ್ರೆಗೆ ಸುರಿದೆ, ನಲ್ಲಿ ಬಿಟ್ಟು ತುಂಬಿಸಿದೆ, ನೆನೆಯಲಿ ಎಂದು ಬಿಟ್ಟು ಮುಂದಿನ ಕೋಣೆಗೆ ಹೋದೆ. ಮುಕ್ಕಾಲು ಗಂಟೆ ಮಾತಾಡಿ ಬಂದು ಅಕ್ಕಿ ತೊಳೆಯಲು ಕೈ ಹಾಕಿದಾಗ ಬಟ್ಟೆಯ ಗಂಟು ಸಿಕ್ಕಿತು.

ಮರೆತವನು ನಾನು. ಆ ಮನೆಯಲ್ಲಿ ಅವತ್ತು ಮರೆವು ಇದ್ದದ್ದು ನನಗೊಬ್ಬನಿಗೆ.

ಅತ್ತೆ ಸ್ನಾನ ಮುಗಿಸಿ ದೇವರ ಮುಂದೆ ಕೂತಿದ್ದರು. ಶೈಲಾಳ ಹೇರ್ ಡ್ರೈಯರ್ ತಂದು ಮಷಿನ್‌ಗಳಿಗೆ ಬಿಸಿಗಾಳಿ ಹಿಡಿದೆ. ಒದ್ದೆಯಾದರೆ ಮೊದಲು ಬ್ಯಾಟರಿ ತೆಗೆಯಬೇಕು, ಬಿಸಿ ತಾಗಿಸಲೇಬಾರದು, ಬ್ಯಾಟರಿ ಕೂರುವ ಪುಟ್ಟ ಬಾಗಿಲು ತೆರೆದಿಟ್ಟು ಒಣ ಜಾಗದಲ್ಲಿ ಬಿಡಬೇಕು — ಕ್ಲಿನಿಕ್‌ನವರು ಕೊಟ್ಟ ಹಾಳೆಯಲ್ಲಿ ಎಲ್ಲ ಇತ್ತು. ಅದನ್ನು ನಾನು ಓದಿದ್ದು ಅವತ್ತು ಸಂಜೆ. ಆಮೇಲೆ — ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ — ಅವೆರಡನ್ನೂ ಒಯ್ದು ಅತ್ತೆಯ ಬಚ್ಚಲಿನ ಸಿಂಕ್ ಪಕ್ಕ, ನೀರ ಹನಿಗಳ ನಡುವೆ ಇಟ್ಟು ಬಂದೆ. ಯಾರೂ ಹೇಳಿಕೊಡಲಿಲ್ಲ. ಕಳ್ಳತನಕ್ಕೆ ಬುದ್ಧಿ ತಾನಾಗಿ ಓಡುತ್ತದೆ.

ಪೂಜೆ ಮುಗಿಸಿ ಬಂದ ಅತ್ತೆ ಡಬ್ಬಿ ನೋಡಿದರು. ತೊಳೆದು ಬೋರಲು ಹಾಕಿದ್ದೆ. ಏನು ಕೇಳಿದರೂ ಅವರಿಗೆ ನನ್ನ ಉತ್ತರ ಕೇಳಿಸುವಂತಿರಲಿಲ್ಲ. ಹಾಗಾಗಿ ಒಂದು ಲಕೋಟೆಯ ಹಿಂದೆ ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದೆ:

‘ಡಬ್ಬಿಯಲ್ಲಿ ಬರೀ ಅಕ್ಕಿ ಇತ್ತು, ಅತ್ತೆ.’

ಬಾಯಿತಪ್ಪಿ ಬಂದ ಮಾತು ಎನ್ನುವ ಅವಕಾಶವೂ ನನಗಿಲ್ಲ. ಪೆನ್ನು ಹುಡುಕಿ, ಕೂತು ಬರೆದ ಸುಳ್ಳು ಅದು.

ಅವರು ಅದನ್ನು ಎರಡು ಸಲ ಓದಿದರು. ಹೋಗಿ ಬಚ್ಚಲಿನಲ್ಲಿ ನೋಡಿ, ಮಷಿನ್‌ಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದರು. ಸೋಫಾದ ಅಂಚಿನಲ್ಲಿ ಕೂತು, ಡಬ್ಬಿಯನ್ನೂ ಅಂಗೈಯನ್ನೂ ಮತ್ತೆ ಮತ್ತೆ ನೋಡುತ್ತಿದ್ದರು. ಲೆಕ್ಕ ತಾಳೆಯಾಗದ ಟೀಚರಮ್ಮನ ಮುಖ ಅದು. ಆಗ ಹೇಳಬಹುದಿತ್ತು. ಬಯ್ಯುತ್ತಿದ್ದರೇ? ಇಲ್ಲ, ನಕ್ಕುಬಿಡುತ್ತಿದ್ದರು. ನಾನು ಹೆದರಿದ್ದು ಶೈಲಾಳಿಗೆ. ‘ಮನಿಯೊಳಗ ಇದ್ದೂ ಇಷ್ಟೂ ಆಗೂದಿಲ್ಲೇನ್ರಿ ನಿಮಗ?’ ಎಂದು ಅವಳು ಹಿಂದಿನ ವಾರವಷ್ಟೇ ಬೇರೆ ಯಾವುದಕ್ಕೋ ಅಂದಿದ್ದಳು. ಆ ಒಂದು ಮಾತನ್ನು ಇನ್ನೊಮ್ಮೆ ಕೇಳಬಾರದು ಎಂಬಷ್ಟೇ ನನ್ನ ಆಸೆ. ಅಷ್ಟು ಸಣ್ಣ ಕಾರಣ.

ಕ್ಲಿನಿಕ್‌ಗೆ ಕರೆದೊಯ್ದವನೂ ನಾನೇ. ಒಳಗೆ ನೀರು ಹೋಗಿದೆ, ಇವು ಇನ್ನು ಉಪಯೋಗಕ್ಕಿಲ್ಲ, ಹೇಗಾಯಿತು ಎಂದು ಅಲ್ಲಿನ ಹೆಂಗಸು ಕೇಳಿದಳು. ಅವಳ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದು ಅತ್ತೆಗೆ ತೋರಿಸಿದೆ.

‘ನಾ ಡಬ್ಬ್ಯಾಗನ ಇಟ್ಟಿದ್ದೆ ಅಂತ ಹೇಳ್ರಿ ಅವ್ರಿಗೆ. ನಂಗ ನೆನಪದ,’ ಎಂದರು ಅತ್ತೆ.

ನಾನು ಆ ಹೆಂಗಸಿನ ಕಡೆ ತಿರುಗಿ, ಅವರಿಗೆ ನೆನಪಿಲ್ಲವಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಅತ್ತೆಯ ಕೈಯನ್ನು ಮೆಲ್ಲಗೆ ತಟ್ಟಿದಳು. ತನ್ನ ಮಾತನ್ನು ಒಪ್ಪಿದಳು ಎಂದುಕೊಂಡು ಅತ್ತೆ ಅವಳಿಗೆ ನಕ್ಕರು.

ಒಂದು ಸುಳ್ಳಿಗೆ ಹತ್ತು ಸುಳ್ಳು ಬೇಕು ಎನ್ನುತ್ತಾರೆ. ನನಗೆ ಎರಡೇ ಸಾಕಾದವು. ಮಿಕ್ಕ ಕೆಲಸವನ್ನು ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ‘ಅವ್ವನ ಕೈಯಾಗ ಮೇಘಾನ್ನ ಬಿಟ್ಟು ಹೋಗಾಕ ನಂಗ ಧೈರ್ಯ ಆಗವಲ್ದು,’ ಎಂದು ಶೈಲಾ ಅಳುತ್ತಲೇ ಹೇಳಿದಳು. ನನಗೆ ಇವತ್ತೋ ನಾಳೆಯೋ ಕೆಲಸ ಸಿಕ್ಕರೆ ಹಗಲು ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲವೆಂದು ಮಗಳನ್ನು ಡೇಕೇರ್‌ಗೆ ಹಾಕಿದೆವು. ಕೆರೆಗೆ ಹೋಗುವುದು ನಿಂತಿತು. ಅತ್ತೆಯನ್ನು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿದ್ದ ಮಗನ ಮನೆಗೆ ಕಳಿಸುವುದೆಂದಾಯಿತು. ಅಲ್ಲಿ ಸೊಸೆ ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದಳು. ಆಸ್ಟಿನ್‌ನ ಕೆಲಸವೂ ಬರಲಿಲ್ಲ, ಹಾಗಾಗಿ ಅವರನ್ನು ಬಿಟ್ಟು ಬರಲು ಬಿಡುವಿದ್ದವನು ನಾನೇ.

ಹ್ಯೂಸ್ಟನ್ ಕಡೆಗೆ ನಾಲ್ಕು ಗಂಟೆಯ ಡ್ರೈವ್. ಅವರ ಮಗ ಕಳಿಸಿದ್ದ ಹೊಸ ಮಷಿನ್ ಕಿವಿಯಲ್ಲಿತ್ತು. ಕಾರಿನಲ್ಲಿ ನಾವಿಬ್ಬರೇ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ನನಗೇ ಗೊತ್ತಿತ್ತು. ಅರ್ಧ ದಾರಿಯಲ್ಲಿ ಅವರೇ ಮಾತು ತೆಗೆದರು.

‘ಅಳಿಯಂದ್ರ, ಶೈಲಾಗ ಏನೂ ಅನಬ್ಯಾಡ್ರಿ. ಆಕಿ ಹೇಳೂದು ಖರೇ ಅದ. ಇವತ್ತ ಮಷೀನ್ ಮರತೆ, ನಾಳೆ ರಸ್ತೆದಾಗ ಕೂಸಿನ ಕೈ ಬಿಟ್ರ?’

ನಾನು ಕನ್ನಡಿ ನೋಡಿ ಲೇನ್ ಬದಲಾಯಿಸಿದೆ. ‘ಹಾಗೆಲ್ಲ ಯೋಚನೆ ಮಾಡಬೇಡಿ ಅತ್ತೆ,’ ಎಂದೆ.

ಶುಗರ್ ಲ್ಯಾಂಡ್‌ನಲ್ಲಿ ಅವರು ಇನ್ನೂ ನಾಲ್ಕು ವರ್ಷ ಬದುಕಿದರು. ಪ್ರತಿ ದಿನ ಸ್ನಾನಕ್ಕೆ ಹೊರಟಾಗ ಸೊಸೆ ಕೂಗಿ ಕೇಳುತ್ತಿದ್ದಳು, ‘ಮಷೀನ್ ತಗದ್ರೇನ್ರಿ?’ ಬಚ್ಚಲಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಅತ್ತೆ ಒಂದು ನೋಟ್‌ಬುಕ್ ಇಟ್ಟುಕೊಂಡರು. ಅವರು ಹೃದಯಾಘಾತದಿಂದ ಹೋದ ಮೇಲೆ ಅದನ್ನು ತೆಗೆದು ನೋಡಿದೆ. ಟೀಚರಮ್ಮನ ದುಂಡು ಅಕ್ಷರ: ‘ಮಷೀನ್ ಡಬ್ಬ್ಯಾಗ ಇಟ್ಟೆ. ನೋಡಿದೆ. ಮತ್ತ ನೋಡಿದೆ.’ ಪುಟಗಟ್ಟಲೆ ಇದೇ. ನಾಲ್ಕು ವರ್ಷದಲ್ಲಿ ಅವರು ಏನಾದರೂ ಮರೆತ ಒಂದು ಪ್ರಸಂಗವನ್ನೂ ಯಾರೂ ಹೇಳಲಾರರು. ಆದರೂ ‘ಪಾಪ, ಕಡೇಕಡೆಗೆ ಮರೆವಿತ್ತು’ ಎಂದೇ ಬಂದವರಿಗೆಲ್ಲ ಹೇಳಿದೆವು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಂಡವರು ಅವರು.

ಅಲ್ಲಿಗೆ ಮುಗಿಯಿತು, ಇನ್ನು ಯಾರಿಗೂ ನಷ್ಟವಿಲ್ಲ ಎಂದು ಮೂರು ವರ್ಷ ಸಮಾಧಾನ ಮಾಡಿಕೊಂಡಿದ್ದೆ.

ಹೋದ ವಾರ ಶೈಲಾ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದೆ ಎಂದು ಮರೆತು ಅರ್ಧ ಗಂಟೆ ಅಲೆದಳಂತೆ. ಯಾರಿಗಾದರೂ ಆಗುವಂಥದ್ದು. ಅವಳು ಮನೆಗೆ ಬಂದು ಬಿಳಿಚಿಕೊಂಡು ಕೂತಳು. ನರರೋಗದ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಮಾಡಿದಳು. ನಿನ್ನೆ ಸಂಜೆ ಊಟದ ಮೇಜಿನ ಮೇಲೆ ಅವರ ಫಾರ್ಮ್ ತುಂಬುತ್ತಿದ್ದಳು. ಮನೆತನದಲ್ಲಿ ಯಾರಿಗಾದರೂ ಮರೆವಿನ ಕಾಯಿಲೆ ಇತ್ತೇ ಎಂಬ ಪ್ರಶ್ನೆಯ ಮುಂದೆ ‘ಹೌದು, ತಾಯಿ’ ಎಂದು ಬರೆದು, ಪೆನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಅವಳ ಎದುರು ಕೂತು ಎಲ್ಲ ಹೇಳಿದೆ — ಫೋನ್, ಅಕ್ಕಿ, ಸಿಂಕ್, ಲಕೋಟೆ, ಕ್ಲಿನಿಕ್. ಕೆಲಸ ಹೋಗಿದ್ದ ವಿಷಯವನ್ನು ನಡುವೆ ತರಲಿಲ್ಲ. ಮುಗಿದ ಮೇಲೆ ಅವಳು ಫಾರ್ಮ್ ಎಳೆದುಕೊಂಡು, ಬರೆದದ್ದನ್ನು ಹೊಡೆದು ಹಾಕಿದಳು.

‘ಅಣ್ಣಗ ನೀವ ಫೋನ್ ಮಾಡಿ ಹೇಳ್ರಿ. ಮೇಘಾಗೂ ನೀವ ಹೇಳಬೇಕು,’ ಎಂದಳು.

‘ಹೇಳ್ತೀನಿ,’ ಎಂದೆ. ಇವತ್ತು ಸಂಜೆ ಹೇಳುತ್ತೇನೆ.

ಅವಳು ಎದ್ದು ಹೊರಟವಳು ಬಾಗಿಲ ಹತ್ತಿರ ನಿಂತಳು. ನನ್ನ ಕಡೆ ತಿರುಗದೆಯೇ ಕೇಳಿದಳು.

‘ಅವ್ವ ಹೋಗೂದಕ್ಕ ಮೊದಲ ಆಕಿಗೆ ಹೇಳಿದ್ರೇನು?’

‘ಇಲ್ಲ,’ ಎಂದೆ.