ಉಡಿದಾರದ ತಾಯತ

ಸುಶೀಲಾ, ನಿನ್ನ ಅಜ್ಜಿ ಮಾಟಗಾತಿಯಲ್ಲ. ಕೋರ್ಟಿನಲ್ಲಿ ದೇವರ ಹೆಸರಲ್ಲಿ ಪ್ರಮಾಣ ಮಾಡಿ ನಾನು ಹೇಳಿದ್ದು ಸುಳ್ಳು — ಗೊತ್ತಿದ್ದೇ ಹೇಳಿದ ಸುಳ್ಳು.

ನಿನ್ನೆ ನೀನು ಮಗುವಿನ ಒಣಗಿ ಬಿದ್ದ ಹೊಕ್ಕುಳ ಬಳ್ಳಿಯನ್ನು ಅಂಗೈಯಲ್ಲಿಟ್ಟುಕೊಂಡು, "ಅತ್ತೆ, ಇದನ್ನ ತಾಯತದಲ್ಲಿಟ್ಟು ಕಟ್ತಾರಂತಲ್ಲ, ನಿಮಗೆ ಗೊತ್ತಾ?" ಎಂದು ಕೇಳಿದೆ. ಗೊತ್ತಿಲ್ಲ ಅಂದುಬಿಟ್ಟೆ. ಈ ವಯಸ್ಸಿನಲ್ಲೂ ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು ನೋಡು. ನನ್ನ ಮೇಲೆ ನನಗೇ ಮೈಯೆಲ್ಲ ಉರಿಯಿತು.

ನಿನ್ನನ್ನು ಹೆತ್ತ ಕೆಲವೇ ದಿನಕ್ಕೆ ನಿನ್ನ ತಾಯಿ ತವರಾದ ಕೊಡಿಗೇಹಳ್ಳಿಯಲ್ಲಿ ತೀರಿಕೊಂಡಳು. ನಾಮಕರಣವೂ ಅಲ್ಲೇ ಆಯಿತು. ಅಂದು ಅಜ್ಜಿ ನಿನ್ನ ಹೊಕ್ಕುಳ ಬಳ್ಳಿಯನ್ನು ನನ್ನ ಕಣ್ಣೆದುರೇ ಬೆಳ್ಳಿ ತಾಯತಕ್ಕೆ ತುಂಬಿದರು. ಸೋದರತ್ತೆಯೆಂದು ಅದನ್ನು ನಿನ್ನ ಉಡಿದಾರಕ್ಕೆ ಕಟ್ಟಿದವಳು ನಾನೇ.

ಐದು ವರ್ಷ ಅವರೇ ನಿನ್ನನ್ನು ಸಾಕಿದರು. ನಿನ್ನಪ್ಪ — ನನ್ನಣ್ಣ — ಹಬ್ಬಕ್ಕೂ ಆ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ದಿನ, ಮಗು ನನ್ನದು ಎಂದು ಜಟಕಾದಲ್ಲಿ ಕೂರಿಸಿಕೊಂಡು ಯಶವಂತಪುರಕ್ಕೆ ತಂದ. ಅದು ಮೀಸೆಯ ಮಾತು, ಪ್ರೀತಿಯಲ್ಲ. ನಾನೋ — ಗಂಡ ಸತ್ತು, ಮಕ್ಕಳಿಲ್ಲದೆ ಅಣ್ಣನ ಮನೆಯಲ್ಲಿ ಬಿದ್ದಿದ್ದವಳು. ನನಗೆ ನೀನು ಬೇಕಾಗಿದ್ದೆ. ಯಾರಿಗೂ ಪಾಲು ಕೊಡದೆ ಬೇಕಾಗಿದ್ದೆ.

ಅಜ್ಜಿ ಕೋರ್ಟಿಗೆ ಹೋದರು. ತಂದೆ ಬದುಕಿರುವಾಗ ಮಗು ಸಿಗುವುದು ಕಷ್ಟ ಎಂದು ವಕೀಲರು ಹೇಳಿದ ಮೇಲೆ ಅವರು ಕೇಳಿದ್ದು ಇಷ್ಟೇ: ತಿಂಗಳಿಗೊಮ್ಮೆ ಮುಖ ನೋಡಲು ಬಿಡಿ. ಅದಕ್ಕೂ ಕಲ್ಲು ಹಾಕಿದೆ. ತಾಯತವನ್ನು ಬಿಚ್ಚಿಕೊಂಡು ಹೋಗಿ ಮೇಜಿನ ಮೇಲಿಡಿಸಿ, ಕಟಕಟೆಯಲ್ಲಿ ನಿಂತು ಹೇಳಿದೆ: "ಮಗೂಗೆ ಮಾಟ ಮಾಡಿಸಿದಾರೆ ಸ್ವಾಮಿ. ಅದರೊಳಗೆ ಸುಡುಗಾಡಿನ ಬೂದಿ ಇದೆ."

ಅಜ್ಜಿ ಎದ್ದು ನಿಂತರು. "ಅದು ಮಗೀನ ಒಕ್ಕುಳ ಬಳ್ಳಿ ಕಣವ್ವ. ಕಟ್ಟಿದೋಳು ನೀನೇ ಅಲ್ವಾ? ಬಿಚ್ಚಿ ತೋರ್ಸು."

ಯಾರೂ ಬಿಚ್ಚಲಿಲ್ಲ. ಅಷ್ಟು ಓದಿದವರಲ್ಲಿ ಒಬ್ಬರಿಗಾದರೂ ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ. ಮಗುವಿಗೆ ಕೇಡಾದೀತು ಎಂದು ಜಡ್ಜರು ಭೇಟಿಯನ್ನೂ ನಿರಾಕರಿಸಿದರು. ಅವರ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಆದರೆ ಅವರಿಗೆ ಗೊತ್ತಿರಲಿಲ್ಲ — ನನಗೆ ಗೊತ್ತಿತ್ತು.

ಆದರೂ ಅವರೆಕಾಯಿ ಕಾಲದಲ್ಲಿ ಅಜ್ಜಿ ಮಡಿಲ ತುಂಬ ಕಾಯಿ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದರು. "ಮಾಟಗಾತಿ ಬಂದಿದಾಳೆ, ಒಳಗೆ ಹೋಗು" ಎಂದೆ. ಅಷ್ಟರಲ್ಲಿ ದಿನಾ ಅದನ್ನೇ ಹೇಳಿ ಹೇಳಿ ನಿನ್ನನ್ನು ಹೆದರಿಸಿಟ್ಟಿದ್ದೆ; ನೀನು ಕಿರುಚಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅದನ್ನು ಅವರು ಕಂಡರು. ಕಾಯನ್ನು ಜಗುಲಿಯ ಮೇಲೆ ಸುರಿದು ಹೋದವರು ಮತ್ತೆ ಬರಲಿಲ್ಲ. ಆ ಕಾಯನ್ನು ನಾನು ಎಸೆಯಲಿಲ್ಲ, ಸುಶೀಲಾ. ಸುಲಿದು ಸಾರು ಮಾಡಿದೆ, ನಿನಗೂ ಬಡಿಸಿದೆ, ನಾನೂ ಹೊಟ್ಟೆ ತುಂಬ ಉಂಡೆ. ಮಾಟದ ಭಯ ನನಗೆ ಯಾವತ್ತು ಇತ್ತು?

ತಾಯಿಯಿಲ್ಲದ ಮಗುವನ್ನು ಸಾಕಿದ ಪುಣ್ಯವಂತೆ ಎಂದು ಜನ ನನ್ನನ್ನು ಹೊಗಳಿದಾಗ ತಲೆ ತಗ್ಗಿಸಿ ನಕ್ಕಿದ್ದೇನೆ. ತಾಯಿಯಿಲ್ಲದವಳಿಗೆ ಅಜ್ಜಿಯೂ ಇಲ್ಲದಂತೆ ಮಾಡಿದವಳು ನಾನು. ಥೂ.

ಅಜ್ಜಿ ಇನ್ನೂ ಇದ್ದಾರೆ, ಅದೇ ಕೊಡಿಗೇಹಳ್ಳಿಯಲ್ಲಿ. ನಾಳೆ ಹೋಗಿ ಇದನ್ನೇ ಅವರ ಮುಂದೆ ಹೇಳುತ್ತೇನೆ. ಒಳಗೆ ಕರೆಯದಿದ್ದರೆ ಬೀದಿಯಲ್ಲೇ ನಿಂತು ಹೇಳುತ್ತೇನೆ. ಕೋರ್ಟಿನಿಂದ ವಾಪಸು ತಂದ ನಿನ್ನ ತಾಯತ ನನ್ನ ಪೆಟ್ಟಿಗೆಯಲ್ಲಿದೆ. ನನ್ನ ಮಾತು ನಂಬಬೇಡ, ಬಿಚ್ಚಿ ನೋಡು. ಮಗುವಿನ ನಾಮಕರಣಕ್ಕೆ ಅವರು ಬಂದರೆ ಬಳ್ಳಿಯನ್ನು ಅವರ ಕೈಗೇ ಕೊಡು. ಉಡಿದಾರಕ್ಕೆ ಕಟ್ಟಲು ನನ್ನನ್ನು ಕರೆಯಬೇಡ.