ಪವಿತ್ರಳ ಹೆಸರಿನಲ್ಲಿರುವ ಪುಸ್ತಕ

ಸತ್ತವರ ಕಥೆಯನ್ನು ಯಾರಾದರೂ ಕಣ್ಣರಳಿಸಿಕೊಂಡು ಶುರುಮಾಡಿದರೆ "ಸಾಕು ಸುಮ್ನಿರಿ" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ಹಾಗೆ ಗದರಿಸುವುದಿಲ್ಲ. ನಂಬುತ್ತೇನೆಂದಲ್ಲ, ಗದರಿಸಲು ಬಾಯಿ ಬರುವುದಿಲ್ಲ ಅಷ್ಟೆ. ನೀವೂ ನಂಬಬೇಕಿಲ್ಲ, ಕೇಳಿಸಿಕೊಂಡರೆ ಸಾಕು.

ಎರಡು ಸಾವಿರದ ಆರೋ ಏಳೋ ಇರಬೇಕು. ಶಿಡ್ಲಘಟ್ಟದ ಒಂದು ಗ್ರಂಥಾಲಯದಲ್ಲಿ ನನಗೆ ಕೆಲಸ. ಸಾದಲಿ ಕಡೆಯಿಂದ ಬಸ್ಸು ಹಿಡಿದು ಬಂದ ಮಕ್ಕಳು ಬೇಕಾದ ಪುಸ್ತಕ ಸಿಗದೆ ಬರಿಗೈಯಲ್ಲಿ ಹೋಗುವುದನ್ನು ನೋಡಿ ನೋಡಿ ಸಾಕಾಗಿತ್ತು. ಕೊನೆಗೂ ಒಂದು ಕಂಪ್ಯೂಟರ್ ಬಂತು. ಎಲ್ಲ ಪುಸ್ತಕಗಳ ವಿವರವನ್ನೂ ಬೆಂಗಳೂರಿನಲ್ಲಿ ಟೈಪು ಮಾಡಿಸಿ ಸಿ.ಡಿ.ಯಲ್ಲಿ ಕಳಿಸಿದ್ದರು, ಅಷ್ಟನ್ನೂ ಒಂದೇ ಏಟಿಗೆ ತುಂಬಿಸಿದೆವು. ತೊಡಕು ಇಷ್ಟೇ: ಹಾಗೆ ಸಗಟಾಗಿ ತುಂಬಿಸಿದರೆ ಪ್ರತಿ ಪುಸ್ತಕದ ಮುಂದೆಯೂ "ಕಪಾಟಿನಲ್ಲಿದೆ" ಎಂದೇ ಬರುತ್ತಿತ್ತು. ಓದುಗರ ಮನೆಯಲ್ಲಿರುವವನ್ನು ಆಮೇಲೆ ಒಂದೊಂದಾಗಿ ಅವರವರ ಹೆಸರಿಗೆ ಹಾಕಬೇಕಿತ್ತು.

ಈ ಎಡವಟ್ಟನ್ನು ಅಟೆಂಡರ್ ನಜೀರ್ ಸಾಬರಿಗೆ ತೋರಿಸಲು ಒಂದು ಕಾದಂಬರಿಯ ಹೆಸರು ಹೊಡೆದೆ. ಅದು ಪವಿತ್ರ ಎಂಬ ಪಿಯುಸಿ ಹುಡುಗಿ ಒಯ್ದದ್ದು. ಹಿಂದಿನ ವರ್ಷ ಕಾಮಾಲೆಯಾಗಿ ಹೋಗಿಬಿಟ್ಟಳು, ಪಾಪ. ಅವಳ ತಾಯಿ ರತ್ನಮ್ಮ ಗೂಡು ಬೇಯಿಸಿ ರೇಷ್ಮೆ ತೆಗೆಯುವ ಕೆಲಸದವರು. ಆ ಪುಸ್ತಕವನ್ನು ಮಗಳ ಎದೆಯ ಮೇಲಿಟ್ಟೇ ಮಣ್ಣು ಮಾಡಿಸಿದ್ದರು. ನಾನು ಅಲ್ಲೇ ಇದ್ದೆ, ಕಣ್ಣಾರೆ ಕಂಡಿದ್ದೆ.

"ನೋಡಿ ಸಾಬ್ರೇ, ಮಣ್ಣಲ್ಲಿರೋದನ್ನೂ ಇಲ್ಲೇ ಇದೆ ಅಂತಿದೆ ಇದು!"

"ಇರಿ ಮೇಡಂ, ಒಂದ್ಸಲ ನೋಡೇ ಬಿಡಣ," ಎಂದು ಸಾಬರು ಕಪಾಟಿನ ಕಡೆ ಹೋದರು. ಬಂದಾಗ ಅವರ ಕೈಯಲ್ಲಿ ಅದೇ ಪುಸ್ತಕ.

ನಮ್ಮಲ್ಲಿದ್ದದ್ದು ಅದೊಂದೇ ಪ್ರತಿ. ನಾನೇ ಹೊಲಿದ ಬೆನ್ನು, ನಾನೇ ಒತ್ತಿದ ಮೊಹರು. ಮಣ್ಣಿನ ಕಲೆ ಹಾಗಿರಲಿ, ಧೂಳು ಕೂಡ ಇಲ್ಲ. ಅರ್ಧದ ಹತ್ತಿರ, ಗುರುತಿಗೆಂದು ಇಟ್ಟ ಒಂದು ರೇಷ್ಮೆ ಎಳೆ.

ಅಂದೇ ಸಂಜೆ ಅದನ್ನು ರತ್ನಮ್ಮನ ಮನೆಗೆ ತೆಗೆದುಕೊಂಡು ಹೋದೆ. ಮಗಳ ನೆನಪಿಗೆ ಇರಲಿ, ಆ ಜೀವಕ್ಕೆ ಸ್ವಲ್ಪ ಸಮಾಧಾನವಾದೀತು ಎಂದುಕೊಂಡಿದ್ದೆ. ಅವರು ಹೆದರಲಿಲ್ಲ. ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಬೆರಳಿನಿಂದ ಆ ಎಳೆಯನ್ನು ಮುಟ್ಟಿದರು.

"ಇನ್ನೂ ಅರ್ಧಾನೇ ಓದವ್ಳೆ ಕಣಮ್ಮ. ಅಲ್ಲಿ ಓದ್ಕೊಳ್ಲಿ ಅಂತ ಇಟ್ಟಿದ್ದೆ. ಯಾಕಮ್ಮ ವಾಪಸ್ ಇಸ್ಕೊಂಡ್ರಿ?"

ನನಗೆ ಅಳು ತಡೆಯಲಾಗಲಿಲ್ಲ. ನೀವೇ ಇಟ್ಟುಕೊಳ್ಳಿ ಎಂದೆ.

"ನಂಗೆಲ್ಲಿ ಓದಕ್ಕೆ ಬರ್ತದೆ? ಅವಳ ಹೆಸ್ರಿಗೇ ಹಾಕ್ಬಿಡಮ್ಮ."

ವಾಪಸು ಬಂದು ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟೆ. ಕಂಪ್ಯೂಟರಿನಲ್ಲಿ ಪವಿತ್ರಳ ಹೆಸರಿಗೆ ಹಾಕಿ, ಬೀಗ ಹಾಕಿಕೊಂಡು ಮನೆಗೆ ಹೋದೆ. ಬೆಳಿಗ್ಗೆ ಬೀಗ ತೆಗೆದವಳೂ ನಾನೇ. ಹೋಗಿ ನೋಡಿದರೆ ಆ ಜಾಗ ಖಾಲಿ. ಸಾಬರು ತಾವು ಮುಟ್ಟಿಲ್ಲವೆಂದು ಆಣೆ ಮಾಡಿದರು. ಕಪಾಟುಗಳನ್ನೆಲ್ಲ ಜಾಲಾಡಿದ್ದಾಯಿತು. ಎಷ್ಟು ತಲೆ ಕೆಡಿಸಿಕೊಂಡರೂ ಏನೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಪ್ರತಿ ವರ್ಷ ಪುಸ್ತಕಗಳ ಲೆಕ್ಕ ನೋಡಲು ಮೇಲಿನವರು ಬಂದಾಗ, ಅದನ್ನು ಕಳೆದುಹೋಗಿದೆಯೆಂದು ಪಟ್ಟಿಯಿಂದ ತೆಗೆದುಹಾಕಿ ಎನ್ನುತ್ತಿದ್ದರು. ನಾನು ತೆಗೆಯಲಿಲ್ಲ. ಆ ಹುಡುಗಿ ಓದಿ ಮುಗಿಸಿದಳೋ ಇಲ್ಲವೋ, ನನಗೆ ಹೇಗೆ ಗೊತ್ತಾಗಬೇಕು?