ಮೂರನೆಯ ಲೇತಿನ ಅರವತ್ತು ಪಿನ್ನುಗಳು

೨೦೧೯ರ ಜೂನ್ ೧೮, ಮಂಗಳವಾರ. ಆಧಾರ: ಆ ವರ್ಷದ ನನ್ನ ದಿನಚರಿ. ವಾರವನ್ನು ಹಳೆಯ ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಹೊಂದುತ್ತದೆ. ಅಂದಿನ ನಮೂದು ಒಂದೇ ಸಾಲಿನದು: "ಪೀಣ್ಯ. ಪಂಪಿನ ಪಿನ್ನು. ಪರೀಕ್ಷೆ ಇಂದಿನಿಂದ ಮೂರು ದಿನ." ಇನ್ನುಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ.

ಬದುಕಿನ ಬಹುಭಾಗವನ್ನು ನಾನು ಮಾದರಿ ಸಮೀಕ್ಷೆಯ ಅಧ್ಯಯನದಲ್ಲಿ ಕಳೆದವನು. ದೊಡ್ಡ ರಾಶಿಯೊಂದರಿಂದ ಕೆಲವನ್ನಷ್ಟೇ ತೆಗೆದು ನೋಡಿ ಇಡೀ ರಾಶಿಯ ಬಗ್ಗೆ ಎಷ್ಟು ಧೈರ್ಯವಾಗಿ ಮಾತಾಡಬಹುದು ಎಂಬುದು ನನ್ನ ವಿಷಯ. ನಿವೃತ್ತನಾದ ಮೇಲೆ, ಹಿಂದೊಮ್ಮೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಬ್ಬಳ್ಳಿ ಕಡೆಯ ಒಬ್ಬರು ತಮ್ಮ ವರ್ಕ್‌ಶಾಪಿಗೆ ಕರೆದರು. ಪೀಣ್ಯದ ಎರಡನೇ ಹಂತದಲ್ಲಿ, ತಗಡಿನ ಚಾವಣಿಯ ಕೆಳಗೆ ಲೋಹ ಕಡೆಯುವ ಆರು ಲೇತುಗಳು. ಅಲ್ಲಿ ನೀರಿನ ಪಂಪುಗಳಿಗೆ ಉಕ್ಕಿನ ಪಿನ್ನುಗಳನ್ನು ಕಡೆಯುತ್ತಿದ್ದರು.

"ಸರ, ಗಿರಾಕಿ ಇಡೀ ಲಾಟ್ ವಾಪಸ್ ಕಳಿಸ್ಯಾನ್ರೀ," ಎಂದು ಮಾಲೀಕರು ತಪಾಸಣೆಯ ಪುಸ್ತಕವನ್ನು ನನ್ನ ಮುಂದೆ ಸರಿಸಿದರು. "ಇದರಾಗ ನೋಡ್ರಿ, ಕೆಟ್ಟ ಪಿನ್ನು ಜಾಸ್ತಿ ಮೂರನೇ ಲೇತಿಂದು. ಅದನ್ನ ನಡಸೋ ಆಕಿನ್ನ ಪ್ಯಾಕಿಂಗಿಗೆ ಹಾಕೋದಂತ ಮಾಡೀನಿ. ನೀವೊಂದ್ಸಲ ನೋಡಿ ಹೌದಂದ್ರ ಮುಗೀತು."

ತೀರ್ಪು ಆಗಲೇ ಸಿದ್ಧವಾಗಿತ್ತು. ಅದಕ್ಕೆ ನನ್ನ ರುಜು ಮಾತ್ರ ಬೇಕಾಗಿತ್ತು.

ಮೂರನೆಯ ಲೇತನ್ನು ನಡೆಸುತ್ತಿದ್ದವರು ಮಾಕಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ, ಐವತ್ತರ ಆಸುಪಾಸಿನ ಹೆಂಗಸು. ಆರು ಲೇತುಗಳ ಮುಂದೆ ನಿಂತ ಆರು ಮಂದಿಯಲ್ಲಿ ಹೆಣ್ಣು ಅವರೊಬ್ಬರೇ. ಪ್ಯಾಕಿಂಗ್ ಮೇಜಿನಲ್ಲಿ ಪಿನ್ನುಗಳಿಗೆ ಎಣ್ಣೆ ಸವರಿ ಡಬ್ಬಿಗೆ ತುಂಬುತ್ತ, ಊಟದ ಬಿಡುವಿನಲ್ಲಿ ಇತರರ ಕೈಕೆಲಸ ನೋಡಿ ನೋಡಿ ಲೇತು ಕಲಿತಿದ್ದರು. ಮತ್ತೆ ಆ ಮೇಜಿಗೆ ಹೋದರೆ ತಿರುಗಿ ಲೇತು ಸಿಗುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು, ಉಳಿದ ಐವರಿಗೂ ಗೊತ್ತಿತ್ತು.

ತಪಾಸಕರನ್ನು ಕರೆಸಿ, ಪಿನ್ನುಗಳನ್ನು ಅಳತೆಗೆ ಹೇಗೆ ಆರಿಸುತ್ತೀರಿ ಎಂದು ಕೇಳಿದೆ. ಪ್ರಾಮಾಣಿಕ ಮನುಷ್ಯ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡೇ ನಿಂತಿದ್ದರು.

"ಬೆಳಿಗ್ಗೆ ಟೀ ಆದ್ಮೇಲೆ ಒಂದು ರೌಂಡ್ ಹೊಡೀತೀನಿ ಸಾರ್. ಪ್ರತಿ ಲೇತಿಂದ ಐದೈದು ಪಿನ್ನು. ಟೀ ಟೇಬಲ್ ಪಕ್ಕ ಮೂರನೇದೇ ಇರೋದು, ಅಲ್ಲಿಂದ್ಲೇ ಶುರು. ನಾನೇನ್ ಸುಳ್ ಬರ್ದಿಲ್ಲ."

"ನೀನ್ ಸುಳ್ ಬರ್ದೆ ಅಂತ ಯಾರಂದ್ರಣ್ಣ?" ಎಂದರು ಆಕೆ. "ಬೆಳ್ಗಿಂದ ಸಂಜೆಗಂಟ ನಾನು ಕಡ್ದಿದ್ದು ಎಷ್ಟು, ನೀನ್ ನೋಡಿದ್ದು ಎಷ್ಟು? ಒಂದ್ ಗಳಿಗೆ ಬಂದು ಇಣುಕ್ಬುಟ್ಟು ದಿನಾ ಎಲ್ಲಾ ಇವ್ಳು ಇಂಗೇಯಾ ಅಂದ್ರೆ?"

ನಾನು ಕಂಡ ದೋಷವೂ ಅದೇ. ದಿನವೂ ಒಂದೇ ಗಳಿಗೆಯಲ್ಲಿ ತೆಗೆದ ಮಾದರಿ ಆ ಗಳಿಗೆಯ ಬಗ್ಗೆ ಮಾತ್ರ ಹೇಳಬಲ್ಲದು, ದಿನದ ಬಗ್ಗೆ ಅಲ್ಲ. ಇಡೀ ಪಾಳಿಯನ್ನು ಹತ್ತು ನಿಮಿಷಗಳ ತುಂಡುಗಳಾಗಿ ಮಾಡಿ, ತುಂಡಿಗೊಂದು ಚೀಟಿ ಬರೆದು, ಸ್ಟೀಲಿನ ಚೊಂಬಿಗೆ ಹಾಕಿ, ಕಣ್ಣು ಮುಚ್ಚಿ ದಿನಕ್ಕೆ ಇಪ್ಪತ್ತು ಚೀಟಿ ಎತ್ತುವುದು. ಚೀಟಿಯಲ್ಲಿರುವ ಹೊತ್ತಿಗೆ ಸರಿಯಾಗಿ ಮೂರನೆಯ ಲೇತಿನಿಂದ ಹೊರಬೀಳುವ ಪಿನ್ನನ್ನು ಅಳೆಯುವುದು. ಹೀಗೆ ಮೂರು ದಿನಕ್ಕೆ ಅರವತ್ತು ಪಿನ್ನು. ಇದು ನನ್ನ ಸಲಹೆ. ಮಾಲೀಕರು ಒಪ್ಪಿದರು. ನಾನು ಚೀಟಿ ಕತ್ತರಿಸಲು ಕಾಗದ ಕೇಳಿದೆ.

"ತಾಳಿ ಸಾರ್," ಎಂದರು ಆಕೆ. "ಎಷ್ಟು ಕೆಟ್ಟದ್ ಬಂದ್ರೆ ನನ್ ತಪ್ಪು?"

ಬಂದ ಕಾಗದವನ್ನು ಕತ್ತರಿಸದೆ ಮೇಜಿನ ಮೇಲಿಟ್ಟೆ.

"ಅದ್ನ ಈಗ್ಲೇ ಬರ್ದಾಕಿ. ಅಳ್ದಾದ್ಮೇಲೆ ಬರ್ಯೋದಾದ್ರೆ ಮೂರ್ ಬಂದ್ರೂ ಜಾಸ್ತಿ ಅಂತೀರಿ, ಎಲ್ಡ್ ಬಂದ್ರೂ ಜಾಸ್ತಿ ಅಂತೀರಿ."

ಮಾಲೀಕರು ನಕ್ಕರು. "ಸರ, ಆಕಿ ನಿಮಗ ಪಾಠ ಹೇಳಾಕತ್ತಾಳ ನೋಡ್ರಿ!"

ನಿಜವಾಗಿಯೂ ಅದು ಪಾಠವೇ ಆಗಿತ್ತು. ಫಲಿತಾಂಶ ನೋಡುವ ಮೊದಲೇ ತೀರ್ಮಾನದ ಗೆರೆ ಎಳೆಯಬೇಕೆಂಬುದನ್ನು ಎಷ್ಟೋ ತಂಡ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದ ನಾನು, ಬೋರ್ಡಿಲ್ಲದ ಕಡೆ ಅದನ್ನು ಮರೆತಿದ್ದೆ. ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆ. ಉಳಿದ ಲೇತುಗಳಲ್ಲಿ ನೂರಕ್ಕೆ ಸುಮಾರು ಮೂರು ಪಿನ್ನು ಕೆಡುತ್ತಿದ್ದವು. ಮೂರನೆಯದೂ ಅವುಗಳಂತೆಯೇ ಎಂದು ಮೊದಲು ಭಾವಿಸಿಕೊಂಡರೆ, ಅರವತ್ತರಲ್ಲಿ ಐದು ಅಥವಾ ಹೆಚ್ಚು ಕೆಡುವುದು ಅಪರೂಪ. ಐದು ಎಂದು ಬರೆದು ಓದಿ ಹೇಳಿದೆ.

"ನನ್ ತಪ್ಪಿಲ್ದೇನೂ ಐದ್ ಬರಾಕಿಲ್ವಾ?"

"ಬರಬಹುದಮ್ಮ. ಇಂಥ ಪರೀಕ್ಷೆಯನ್ನು ನೂರು ಸಲ ಮಾಡಿದರೆ ಮೂರು ನಾಲ್ಕು ಸಲ ಹಾಗಾಗಬಹುದು."

"ಆ ಮೂರ್ನಾಕ್ರಾಗೆ ನಾನೇ ಬಿದ್ರೆ?"

ಈ ಪ್ರಶ್ನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅವರಿಗೆ ಅದು ಕೋಷ್ಟಕದ ಒಂದು ಸಂಖ್ಯೆಯಾಗಿತ್ತು. ಈಕೆಗೆ ನಿಲ್ಲುವ ಜಾಗವಾಗಿತ್ತು. ಐದು ಮುಟ್ಟಿದರೆ ಮತ್ತೂ ಅರವತ್ತು ಅಳೆದ ಹೊರತು ಅವರನ್ನು ಕದಲಿಸಕೂಡದು ಎಂದು ಎರಡನೆಯ ಸಾಲನ್ನೂ ಬರೆದೆ. ಮಾಲೀಕರು ರುಜು ಮಾಡಿದರು. ಆಕೆಯೂ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಮಾಡಿದರು.

ಮೂರು ದಿನವೂ ಚೀಟಿ ಎತ್ತಿದವರು ತಪಾಸಕರೇ. ಚೊಂಬಿನೊಳಗೆ ಕೈ ಹಾಕಿದಾಗಲೆಲ್ಲ ಐದನೆಯ ಲೇತಿನವನು ಕೂಗುತ್ತಿದ್ದ: "ಗುರು, ಚೀಟಿ ಫಂಡ್ ಯಾರ್ಗ್ ಬಂತು?" ಆಕೆ ತಲೆಯೆತ್ತದೆ ಉತ್ತರಿಸುತ್ತಿದ್ದರು: "ನಿಂಗೇ ಬರ್ಲಿ ಬುಡಪ್ಪ, ನಿನ್ ಪಿನ್ನೂ ಒಂದಪ ಅಳೀಲಿ." ಗುರುವಾರ ಸಂಜೆ ಅರವತ್ತೂ ಮುಗಿದವು. ಕೆಟ್ಟವು ಎರಡು. ಎರಡೂ ಬೆಳಗಿನ ಟೀ ಮುಗಿದ ಕೂಡಲೇ ಕಡೆದವು.

ಆಮೇಲಿನದು ನನ್ನ ನೆನಪಿನಲ್ಲಿ ಬಹಳ ಸ್ಪಷ್ಟವಾಗಿದೆ. ಇತರರು ಟೀಗೆ ಹೋಗುವಾಗ ಲೇತನ್ನು ಖಾಲಿ ಓಡಲು ಬಿಡುತ್ತಿದ್ದರು. ಈಕೆ ಮಾತ್ರ ಆಫ್ ಮಾಡಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು: "ನಾವ್ ಕುಂತು ಟೀ ಕುಡೀವಾಗ ಅದ್ಯಾಕೆ ಸುಮ್ಕೆ ತಿರುಗ್ಬೇಕು?" ಅಷ್ಟರಲ್ಲಿ ತಣ್ಣಗಾದ ಲೇತು ಮತ್ತೆ ಬಿಸಿಯೇರುವ ತನಕ ಮೊದಲ ಕೆಲವು ಪಿನ್ನುಗಳ ಅಳತೆ ಕೂದಲೆಳೆಯಷ್ಟು ತಪ್ಪುತ್ತಿತ್ತು. ತಪಾಸಕರ ಕೈಗೆ ದಿನವೂ ಸಿಗುತ್ತಿದ್ದವು ಆ ಪಿನ್ನುಗಳೇ. ಇದನ್ನು ನಾನು ಗುರುವಾರ ಸಂಜೆಯೇ ಮಾಲೀಕರಿಗೆ ವಿವರಿಸಿದೆನೆಂದೂ ಮರುದಿನ ಬೆಳಿಗ್ಗೆ ಆಕೆ ತಮ್ಮ ಲೇತಿನ ಮುಂದೆ ನಿಂತರೆಂದೂ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ.

ಈ ಬರಹಕ್ಕಾಗಿ ದಿನಾಂಕಗಳನ್ನು ಖಚಿತಪಡಿಸಿಕೊಳ್ಳಲು ಕಳೆದ ತಿಂಗಳು ವರ್ಕ್‌ಶಾಪಿಗೆ ಹೋಗಿ, ಯಾರು ಯಾವ ಲೇತಿನಲ್ಲಿ ಎಂದು ದಿನವೂ ಬರೆದಿಡುವ ಹಾಜರಿ ಪುಸ್ತಕವನ್ನು ಕೇಳಿ ಪಡೆದೆ. ಜೂನ್ ೨೧, ಶುಕ್ರವಾರ, ಆಕೆಯ ಹೆಸರಿನೆದುರು "ಪ್ಯಾಕಿಂಗ್" ಎಂದಿದೆ. ಶನಿವಾರವೂ ಹಾಗೆಯೇ. ಭಾನುವಾರದ ರಜೆ ಬಿಟ್ಟು ಒಟ್ಟು ಹನ್ನೊಂದು ದಿನ.

"ಹೌದ್ರೀ ಸರ," ಎಂದರು ಮಾಲೀಕರು ತುಸು ಸಂಕೋಚದಿಂದ. "ಎರಡಾ ಬಂದಾವಂದ್ರಿ ನೀವು. ಹಂಗಾರ ಪುಸ್ತಕದಾಗಿನ ಕೆಟ್ಟ ಪಿನ್ನು ಎಲ್ಲಿಂದ ಬಂದ್ವು ಅಂತ ಕೇಳಿದ್ರ, ಗೊತ್ತಿಲ್ಲ ಅಂದು ಹ್ವಾದ್ರಿ. ಗಿರಾಕಿಗೆ ಏನರ ಹೇಳಬೇಕಲ್ರೀ, ಆಕಿನ್ನ ಪ್ಯಾಕಿಂಗಿಗೆ ಹಾಕಿದ್ನಿ."

ಆ ಹನ್ನೊಂದು ದಿನಗಳ ಪುಟಗಳ ಅಂಚಿನಲ್ಲಿ, ಬಿಡಿಸಿ ಬರೆದ ಅಕ್ಷರಗಳಲ್ಲಿ, ಒಂದು ದಿನ "ಟೀಗೆ ಆಪ್", ಮರುದಿನ "ಟೀಗೆ ಓಡ್ತಾ ಇತ್ತು" ಎಂದು ಸರದಿಯಂತೆ ಬರೆದಿದೆ. ಎದುರಿಗೆ, ಟೀ ಆದ ಮೇಲೆ ಬಂದ ಮೊದಲ ಹತ್ತು ಪಿನ್ನುಗಳಲ್ಲಿ ಕೆಟ್ಟವೆಷ್ಟು ಎಂಬ ಸಂಖ್ಯೆ. ತಮ್ಮ ಲೇತಿಗೆ ಬಂದವನನ್ನು ಒಪ್ಪಿಸಿ ದಿನ ಬಿಟ್ಟು ದಿನ ಆಫ್ ಮಾಡಿಸಿ, ಪ್ಯಾಕಿಂಗ್ ಮೇಜಿಗೆ ಬಂದ ಪಿನ್ನುಗಳನ್ನು ಆಕೆ ತಾವೇ ಅಳೆದಿದ್ದಾರೆ. ಆಫ್ ಆದ ಆರು ದಿನವೂ ಕೆಟ್ಟವು ಇವೆ. ಓಡುತ್ತಿದ್ದ ಐದು ದಿನವೂ ಸೊನ್ನೆ. ಜುಲೈ ೪, ಗುರುವಾರ, ಅವರ ಹೆಸರಿನೆದುರು "ಮೂರನೇ ಲೇತ್" ಎಂದಿದೆ.

ಮನೆಗೆ ಬಂದು ದಿನಚರಿಯ ಜೂನ್ ೨೦ರ ಪುಟ ತೆಗೆದೆ. ಅದರಲ್ಲಿ ಟೀಯ ಮಾತೇ ಇಲ್ಲ. "ಅರವತ್ತಕ್ಕೆ ಎರಡು. ಕಾರಣ ತಿಳಿಯದು" ಎಂದು ನನ್ನದೇ ಕೈಬರಹದಲ್ಲಿದೆ.